ಪಹಣಿ ಮತ್ತು ಸಾತ್‌ಬಾರಾ

ಕಳೆದ ಚಳಿಗಾಲದಲ್ಲಿ ಪುಣೆಯಲ್ಲಿ ನಡೆದ ಎರಡು ದಿನಗಳ ಒಂದು ಸಮಾವೇಶಕ್ಕೆ ನಾನು ಹೋಗಿದ್ದೆ. ಹದಿಹರೆಯದ ಓದುಗರಿಗಾಗಿ ಕಥೆ ಕಾದಂಬರಿಗಳನ್ನು ಬರೆಯುವವರು, ಅವನ್ನು ಪ್ರಕಟಿಸುವವರು, ಇಬ್ಬರ ನಡುವೆ ನಿಂತು ಲೇಖಕರ ಪರವಾಗಿ ಮಾತುಕತೆ ನಡೆಸುವ ಸಾಹಿತ್ಯ ಏಜೆಂಟರು ಅಲ್ಲಿ ಸೇರಿದ್ದರು. ಏಜೆಂಟರನ್ನು ಕಾಣಲು ಹೋಗುತ್ತಿದ್ದೇನೆಂದು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಈ ವಯಸ್ಸಿನಾಗ ಮತ್ತೊಂದು ಪಾಲಿಸಿ ಯಾಕ್ರಿ?" ಎಂದು ಕೇಳಿದಳು. ಅವಳ ತಪ್ಪಲ್ಲ. ನಮ್ಮ ಭಾಗದಲ್ಲಿ ಏಜೆಂಟ್ ಎಂದರೆ ವಿಮೆಯವನು, ಇಲ್ಲವೇ ಆರ್‌ಟಿಒ ಕಚೇರಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತವನು. ಪುಸ್ತಕಕ್ಕೂ ಏಜೆಂಟರಿರುತ್ತಾರೆ ಎಂಬುದು ಮೂವತ್ತು ವರ್ಷ ಸಾಹಿತ್ಯ ಪಾಠ ಹೇಳಿದ ನನಗೂ ಬಹುಕಾಲ ತಿಳಿದಿರಲಿಲ್ಲ.

ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನಿಮ್ಮಲ್ಲಿ ಕೆಲವರು ಕಥೆ ಬರೆಯುತ್ತೀರಿ ಎಂಬುದು ನನಗೆ ಗೊತ್ತು. ಅಲ್ಲಿ ಕಂಡು ಕೇಳಿದ್ದನ್ನು ನಿಮಗೆ ತಿಳಿಸುವುದು ಈ ಬರಹದ ಒಂದು ಉದ್ದೇಶ. ಅದಕ್ಕಿಂತ ಮುಖ್ಯವಾದ ಇನ್ನೊಂದು ಉದ್ದೇಶವಿದೆ. ಅಲ್ಲಿ ನನಗೆ ನನ್ನದೇ ಹಳೆಯ ತಪ್ಪೊಂದು ಎದುರಾಯಿತು. ಅದು ಈ ವಿಭಾಗದಲ್ಲಿಯೇ, ನೀವು ಕೂರುವ ಬೆಂಚುಗಳ ನಡುವೆಯೇ ನಡೆದ ತಪ್ಪು. ಆದ್ದರಿಂದ ಅದನ್ನು ಇಲ್ಲಿಯೇ ಹೇಳಬೇಕು.

ಮೊದಲು ನನ್ನ ಭಾಷೆಯ ಬಗ್ಗೆ ಎರಡು ಮಾತು. ಏಳನೆಯ ತರಗತಿಯವರೆಗೆ ನಾನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ, ಪುಣೆಯ ಬಾಲಭಾರತಿ ಮುದ್ರಿಸಿ ಕಳಿಸುತ್ತಿದ್ದ ಕನ್ನಡ ಪುಸ್ತಕಗಳಲ್ಲಿ. ಮುಂದೆ ಊರಲ್ಲಿ ಶಾಲೆಯಿರಲಿಲ್ಲ. ಎಂಟನೆಯ ತರಗತಿಗೆ ತಾಲ್ಲೂಕಿನ ಮರಾಠಿ ಹೈಸ್ಕೂಲಿಗೆ ಸೇರಿದೆ. ಹೀಗಾಗಿ ನನ್ನ ಹದಿಹರೆಯದ ಓದೆಲ್ಲ ಮರಾಠಿಯದು. 1971ರಲ್ಲಿ ಬಾಲಭಾರತಿ ಆರಂಭಿಸಿದ 'ಕಿಶೋರ' ಮಾಸಿಕದ ಹಳೆಯ ಸಂಚಿಕೆಗಳು, ಭಾ. ರಾ. ಭಾಗವತರ ಫಾಸ್ಟರ್ ಫೇಣೆಯ ಸಾಹಸಗಳು ನನ್ನ ಸಂಗಾತಿಗಳಾಗಿದ್ದವು. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ಮರಾಠಿ. ಎರಡರ ನಡುವೆ ಗೋಡೆಯಿದೆಯೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಗೋಡೆ ಕಂಡದ್ದು ಎಂ.ಎ. ಓದಲು ಧಾರವಾಡಕ್ಕೆ ಹೋದಾಗ. ಪರೀಕ್ಷೆ ಮುಗಿದ ಮೇಲೆ ವಸತಿಗೃಹದ ಗೆಳೆಯರೆದುರು, "ನಿಕಾಲ ಯಾವಾಗ ಅದ?" ಎಂದು ಕೇಳಿದೆ. ಮರಾಠಿಯಲ್ಲಿ ನಿಕಾಲ ಎಂದರೆ ಫಲಿತಾಂಶ. "ಯಾರನ್ನ ನಿಕಾಲಿ ಮಾಡಾಂವ ಅದೀಯೋ?" ಎಂದು ಒಬ್ಬ ಕೇಳಿದ, ಕೋಣೆ ತುಂಬ ನಗೆ. ಅದು ಸ್ನೇಹದ ನಗೆಯೇ. ಆದರೆ ಅಂದಿನಿಂದ ನಾನು ನನ್ನ ಮಾತನ್ನು ಕೇರಿ, ಆರಿಸಿ, ಮರಾಠಿಯ ಕಾಳುಗಳನ್ನು ಹೊರಗೆಸೆಯುವುದನ್ನು ಕಲಿತೆ. ಉಪನ್ಯಾಸಕನಾಗಿ ಗಡಿಗೆ ಮರಳಿದಾಗ ಅದೇ ಮೊರವನ್ನು ನನ್ನ ವಿದ್ಯಾರ್ಥಿಗಳ ಕೈಗೂ ಕೊಟ್ಟೆ. ನನ್ನ ಕೆಂಪು ಶಾಯಿಗೆ ಅತಿ ಹೆಚ್ಚು ಆಹುತಿಯಾದವು ಕಾಗುಣಿತದ ತಪ್ಪುಗಳಲ್ಲ, ಮರಾಠಿ ಪದಗಳು.

ಐದು ವರ್ಷಗಳಿಂದ ನಾನು ಹದಿನೈದರ ಹುಡುಗಿಯೊಬ್ಬಳನ್ನು ಕುರಿತು ಕಾದಂಬರಿಯೊಂದನ್ನು ಬರೆಯುತ್ತಿದ್ದೆ. ಗಡಿಯ ಹಳ್ಳಿ, ಕನ್ನಡ ಮನೆ, ಮರಾಠಿ ಶಾಲೆ. ಹೈಸ್ಕೂಲಿನ ನನ್ನ ಸಹಪಾಠಿಯೊಬ್ಬ ಈಗ ಪುಣೆಯಲ್ಲಿ ಅನುವಾದಕ. ಸಮಾವೇಶದ ಸುದ್ದಿಯನ್ನು ಅವನೇ ಕೊಟ್ಟ. ಮುಂಚಿತವಾಗಿ ಒಂದು ಪುಟದ ಕಥಾಸಾರ ಮತ್ತು ಕೃತಿಯ ಮೊದಲ ಮೂವತ್ತು ಪುಟಗಳನ್ನು ಕಳಿಸಿದವರಿಗೆ ಏಜೆಂಟರೊಬ್ಬರ ಜೊತೆ ಹನ್ನೆರಡು ನಿಮಿಷಗಳ ಭೇಟಿ ದೊರೆಯುತ್ತಿತ್ತು. ಅಲ್ಲಿ ಕನ್ನಡ ಓದುವವರಿರಲಿಲ್ಲ. ಮೂವತ್ತು ಪುಟಗಳನ್ನು ನಾನೇ ಮರಾಠಿಗೆ ಅನುವಾದಿಸಿ ಕಳಿಸಿದೆ.

ಮೊದಲ ದಿನ ಲೇಖಕರ ಮಾತುಗಳು. ಹದಿಹರೆಯದ ಸಾಹಿತ್ಯವೆಂದರೇನು ಎಂಬಲ್ಲಿಂದ ಚರ್ಚೆ ಆರಂಭವಾಯಿತು. ಕನ್ನಡದಲ್ಲಿ ಶಿಶುಸಾಹಿತ್ಯ, ಮಕ್ಕಳ ಸಾಹಿತ್ಯ ಎನ್ನುತ್ತೇವೆ. ಮರಾಠಿಯಲ್ಲಿ ಬಾಲಸಾಹಿತ್ಯದ ಜೊತೆಗೆ ಕುಮಾರಸಾಹಿತ್ಯವೆಂಬ ಮಾತೂ ಇದೆ. ಇಂಗ್ಲಿಷಿನವರು ಯಂಗ್ ಅಡಲ್ಟ್ ಎಂದು ಕರೆದು, ಸುಮಾರು 12ರಿಂದ 18 ವರ್ಷದವರನ್ನು ಅದರೊಳಗೆ ತರುತ್ತಾರೆ. ಅಮೆರಿಕದ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆಯತೊಡಗಿದ 'ದಿ ಔಟ್‌ಸೈಡರ್ಸ್' 1967ರಲ್ಲಿ ಪ್ರಕಟವಾಗಿ ಈ ಪ್ರಕಾರಕ್ಕೆ ದಾರಿ ಮಾಡಿತು ಎಂಬುದನ್ನು ಒಬ್ಬರು ನೆನಪಿಸಿದರು. ಹದಿಹರೆಯದವರಿಗಾಗಿ ಹದಿಹರೆಯದವಳೇ ಬರೆದದ್ದು ಎಂಬುದು ಅದರ ವಿಶೇಷ.

ಆಮೇಲೆ ಮಾತನಾಡಿದ ಹಿರಿಯ ಮರಾಠಿ ಲೇಖಕಿಯೊಬ್ಬರು ನನ್ನ ಮನಸ್ಸಿನಲ್ಲಿ ಉಳಿದ ಒಂದು ಭೇದವನ್ನು ಹೇಳಿದರು. ಬಾಲ್ಯವನ್ನು ಕುರಿತ ಪುಸ್ತಕ ಬೇರೆ, ಬೆಳೆಯುತ್ತಿರುವವರಿಗಾಗಿ ಬರೆದ ಪುಸ್ತಕ ಬೇರೆ. ಮೊದಲನೆಯದರಲ್ಲಿ ಐವತ್ತರ ಮನುಷ್ಯ ಬೆಟ್ಟದ ಮೇಲೆ ನಿಂತು ತನ್ನ ಹದಿನೈದನ್ನು ನೋಡುತ್ತಾನೆ. ದಾರಿ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತು. ಎರಡನೆಯದರಲ್ಲಿ ಹುಡುಗಿ ದಾರಿಯಲ್ಲಿಯೇ ಇರುತ್ತಾಳೆ. ಮುಂದಿನ ತಿರುವು ಅವಳಿಗೂ ಕಾಣದು, ಓದುಗನಿಗೂ ಕಾಣದು. ಮಿಲಿಂದ ಬೋಕೀಲರ 'ಶಾಳಾ' ಕಾದಂಬರಿಯನ್ನು ಅವರು ಉದಾಹರಿಸಿದರು. ತುರ್ತುಪರಿಸ್ಥಿತಿಯ ಕಾಲದ ಆ ಕಥೆಯನ್ನು ಒಂಬತ್ತನೆಯ ತರಗತಿಯ ಹುಡುಗನೇ ಹೇಳುತ್ತಾನೆ. ಅವನು ತನ್ನ ವಯಸ್ಸಿಗೆ ಮೀರಿದ ತಿಳಿವಳಿಕೆಯನ್ನು ಎಲ್ಲಿಯೂ ಕಡ ತರುವುದಿಲ್ಲ.

ಊಟದ ಸಾಲಿನಲ್ಲಿ ಅದೇ ಲೇಖಕಿ ನನ್ನ ಪಕ್ಕದಲ್ಲಿದ್ದರು. ನನ್ನ ಕಾದಂಬರಿಯ ವಿಷಯ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಹದಿನೈದು ವರ್ಷದ ಎಷ್ಟು ಜನಕ್ಕೆ ಇದನ್ನು ಓದಿ ಹೇಳಿದ್ದೀರಿ?" ಒಬ್ಬರಿಗೂ ಇಲ್ಲ ಎಂದೆ. ಅವರು ಬೈಯಲಿಲ್ಲ. ತಮ್ಮ ಪ್ರತಿ ಹಸ್ತಪ್ರತಿಯನ್ನು ಒಂಬತ್ತನೆಯ ತರಗತಿಯೊಂದರಲ್ಲಿ ಗಟ್ಟಿಯಾಗಿ ಓದುತ್ತೇವೆಂದೂ, ಮಕ್ಕಳು ಎಲ್ಲಿ ಬೆಂಚಿನ ಕೆಳಗೆ ಕಾಲು ಉಜ್ಜಲು ತೊಡಗುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತೇವೆಂದೂ ಹೇಳಿ, ಮೊಸರನ್ನದ ಕಡೆಗೆ ಹೋದರು.

ಎರಡನೆಯ ದಿನದ ಬೆಳಗು ಏಜೆಂಟರದು. ನಿಮಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ಕನ್ನಡದಲ್ಲಿ ಸಾಮಾನ್ಯವಾಗಿ ಲೇಖಕರು ನೇರವಾಗಿ ಪ್ರಕಾಶಕರ ಬಳಿ ಹೋಗುತ್ತಾರೆ. ಇಂಗ್ಲಿಷ್ ಪ್ರಕಾಶನದಲ್ಲಿ, ಅದರಲ್ಲೂ ಅನುವಾದದ ಮತ್ತು ವಿದೇಶದ ಹಕ್ಕುಗಳ ವ್ಯವಹಾರದಲ್ಲಿ, ಏಜೆಂಟರ ಪಾತ್ರ ದೊಡ್ಡದು. ಅವರು ಹಸ್ತಪ್ರತಿಯನ್ನು ಓದಿ, ತಕ್ಕ ಪ್ರಕಾಶಕರನ್ನು ಹುಡುಕಿ, ಒಪ್ಪಂದದ ಒಂದೊಂದು ಸಾಲನ್ನೂ ಲೇಖಕರ ಪರವಾಗಿ ಚರ್ಚಿಸುತ್ತಾರೆ. ಲೇಖಕರಿಗೆ ಬರುವ ಹಣದಲ್ಲಿ ನೂರಕ್ಕೆ 15ರಷ್ಟು ಅವರ ಪಾಲು ಎಂಬುದು ರೂಢಿ. ವಿದೇಶದ ಮಾರಾಟಕ್ಕೆ 20ರವರೆಗೂ ಇರುತ್ತದೆ. ಲೇಖಕರಿಗೆ ಹಣ ಬಂದರೆ ಮಾತ್ರ ಅವರಿಗೆ ಹಣ. ಓದುವುದಕ್ಕೇ ಮುಂಗಡ ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ ಎಂದು ಒಬ್ಬರು ಸ್ಪಷ್ಟವಾಗಿ ಹೇಳಿದರು.

ಹಕ್ಕುಗಳ ವಿಷಯ ಬಂದಾಗ ಸಭೆ ನಿಶ್ಶಬ್ದವಾಯಿತು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನ ಪ್ರಕಾರ ಹಕ್ಕನ್ನು ಬಿಟ್ಟುಕೊಡುವ ಕರಾರು ಲಿಖಿತವಾಗಿರಬೇಕು, ಅದಕ್ಕೆ ಸಹಿಯಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯಿದೆ ಭಾವಿಸುತ್ತದೆ. ಮುದ್ರಣದ ಹಕ್ಕು ಬೇರೆ, ಅನುವಾದದ ಹಕ್ಕು ಬೇರೆ, ಸಿನಿಮಾದ ಹಕ್ಕು ಬೇರೆ. ಒಂದಕ್ಕೆ ಸಹಿ ಮಾಡುತ್ತ ಎಲ್ಲವನ್ನೂ ಕೊಟ್ಟುಬಿಡಬೇಡಿ. "ಓದದೆ ಹೆಬ್ಬೆಟ್ಟು ಒತ್ತಬೇಡಿ" ಎಂದು ಅವರು ಮರಾಠಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ನನ್ನ ಸರದಿ ಬಂತು. ಮೇಜಿನ ಆಚೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ನನ್ನ ಮೂವತ್ತು ಪುಟಗಳ ಅಂಚಿನಲ್ಲಿ ಅವರ ಟಿಪ್ಪಣಿಗಳಿದ್ದವು. ಶಿಷ್ಟಾಚಾರದ ಮಾತುಗಳಿಗೆ ಅವರು ಸಮಯ ಕಳೆಯಲಿಲ್ಲ.

"ಮೊದಲ ಇಪ್ಪತ್ತು ಪುಟಗಳಲ್ಲಿ ನಿಮ್ಮ ಹುಡುಗಿ ಮೇಷ್ಟರ ಹಾಗೆ ಮಾತನಾಡುತ್ತಾಳೆ," ಎಂದರು. "ಮೂರನೆಯ ಅಧ್ಯಾಯದಲ್ಲಿ ಮಾತ್ರ ಅವಳು ಉಸಿರಾಡುತ್ತಾಳೆ. ತಲಾಠಿ ಕಚೇರಿಯ ದೃಶ್ಯ. ಅದನ್ನು ಓದುತ್ತ ನಾನು ಇಳಿಯಬೇಕಾದ ಮೆಟ್ರೋ ನಿಲ್ದಾಣ ದಾಟಿಹೋಯಿತು."

ಆ ದೃಶ್ಯ ಹೀಗಿದೆ. ಕನ್ನಡ ಮಾತ್ರ ಬಲ್ಲ ಅಜ್ಜಿ, ಮರಾಠಿ ಮಾತ್ರ ಬಲ್ಲ ಗುಮಾಸ್ತ, ನಡುವೆ ದುಭಾಷಿಯಾಗಿ ನಿಂತ ಮೊಮ್ಮಗಳು. ಅಜ್ಜಿ ತನ್ನ ಹೆಸರಿನ ಹೊಲದ ಉತಾರೆ ಕೇಳಲು ಬಂದಿದ್ದಾಳೆ. ಗುಮಾಸ್ತ ದಫ್ತರ ತಿರುವಿ, ಹಕ್ಕಸೋಡ ಪತ್ರವಾಗಿದೆ, ಫೇರಫಾರ ಆಗಿಹೋಗಿದೆ, ಮುದುಕಿಯ ಹೆಸರು ಈಗ ಅಲ್ಲಿಲ್ಲ ಎನ್ನುತ್ತಾನೆ. ಕೆಳಗೆ ಅವಳದೇ ಹೆಬ್ಬೆಟ್ಟಿದೆ. ಮಕ್ಕಳು ಯಾವಾಗಲೋ ಒತ್ತಿಸಿಕೊಂಡಿದ್ದಾರೆ. ಆ ಮಕ್ಕಳಲ್ಲಿ ಹುಡುಗಿಯ ಅಪ್ಪನೂ ಒಬ್ಬ. ಅಜ್ಜಿ ಮೊಮ್ಮಗಳ ಮುಖ ನೋಡಿ, ಏನಂತಾನ ಎಂದು ಕೇಳುತ್ತಾಳೆ. ಹುಡುಗಿ ಒಂದು ಗಳಿಗೆ ತಡೆದು, "ಇವತ್ತ ಸಾಹೇಬರಿಲ್ಲಂತ, ಮುಂದಿನ ವಾರ ಬರ್ರಿ ಅಂತಾನ" ಎನ್ನುತ್ತಾಳೆ. ಜೀವನದಲ್ಲಿ ಮೊದಲ ಸಲ ಅವಳು ಒಂದು ವಾಕ್ಯವನ್ನು ತಪ್ಪಾಗಿ ಅನುವಾದಿಸುತ್ತಾಳೆ, ಬೇಕೆಂದೇ.

ಏಜೆಂಟ್ ಒಂದು ಪದದ ಮೇಲೆ ಬೆರಳಿಟ್ಟರು. "ಇಲ್ಲಿ ಅಜ್ಜಿ 'ಸಾತ್‌ಬಾರಾ' ಕೇಳುತ್ತಾಳೆ. ನಿಮ್ಮ ಕನ್ನಡದಲ್ಲಿ ಏನಿದೆ?"

"ಪಹಣಿ," ಎಂದೆ.

"ಆ ಹಳ್ಳಿಯಲ್ಲಿ ಹಾಗೆ ಅನ್ನುತ್ತಾರೆಯೇ?"

ಇಲ್ಲ. ಪಹಣಿ ಗಡಿಯ ಆಚೆ ಕರ್ನಾಟಕದ ಕಚೇರಿಗಳ ಮಾತು. ಮಹಾರಾಷ್ಟ್ರದಲ್ಲಿ ಗಾವ್ ನಮೂನೆ 7 ಮತ್ತು 12 ಸೇರಿ ಆಗುವ ಆ ಕಾಗದಕ್ಕೆ ನಮ್ಮ ಕನ್ನಡದ ರೈತರೆಲ್ಲ ಸಾತ್‌ಬಾರಾ ಎಂದೇ ಅನ್ನುತ್ತಾರೆ. ಕನ್ನಡದಲ್ಲಿ ನಾನು ಹೊರಹಾಕಿದ್ದ ಪದ ಮರಾಠಿ ಅನುವಾದದಲ್ಲಿ ತಾನಾಗಿ ಬಂದು ತನ್ನ ಜಾಗದಲ್ಲಿ ಕುಳಿತಿತ್ತು. ಅವರಿಗೆ ಇಷ್ಟವಾದ ಪುಟ ನನ್ನ ಮೂಲಕ್ಕಿಂತ ಅನುವಾದದಲ್ಲಿಯೇ ಸತ್ಯಕ್ಕೆ ಹತ್ತಿರವಾಗಿತ್ತು.

"ನೀವು ಯಾರಿಗೆ ಹೆದರುತ್ತೀರಿ?" ಎಂದು ಅವರು ನಗುತ್ತಲೇ ಕೇಳಿದರು. ಬಾನು ಮುಷ್ತಾಕ್ ಅವರ ಕಥೆಗಳು 'ಹಾರ್ಟ್ ಲ್ಯಾಂಪ್' ಆಗಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ, ಅನುವಾದಕಿ ದೀಪಾ ಭಾಸ್ತಿ ಮೂಲದ ಕನ್ನಡ ಉರ್ದು ಪದಗಳನ್ನು ಓರೆ ಅಕ್ಷರಗಳಿಲ್ಲದೆ, ಅಡಿಟಿಪ್ಪಣಿಗಳಿಲ್ಲದೆ ಇಂಗ್ಲಿಷಿನೊಳಗೆ ಹಾಗೆಯೇ ನಿಲ್ಲಿಸಿದ್ದನ್ನು ಎತ್ತಿದರು. "ಇಂಗ್ಲಿಷ್ ತಡೆದುಕೊಂಡದ್ದನ್ನು ನಿಮ್ಮ ಕನ್ನಡ ತಡೆದುಕೊಳ್ಳದೇ?" ಮೂರನೆಯ ಅಧ್ಯಾಯವನ್ನೇ ಮೊದಲು ಮಾಡಿ, ಉಳಿದುದನ್ನು ಅದರ ಮಟ್ಟಕ್ಕೆ ತಂದು ಮತ್ತೆ ಕಳಿಸಿ ಎಂದರು. ಗಂಟೆ ಬಾರಿಸಿತು. ನಾನು ಧನ್ಯವಾದ ಹೇಳಿ, ಬಹಳ ಸಂತೋಷದಿಂದ ಎದ್ದು ಬಂದೆ.

ಆ ಸಂತೋಷ ಹುತಾತ್ಮ ಎಕ್ಸ್‌ಪ್ರೆಸ್ಸಿನಲ್ಲಿ ಕುರ್ಡುವಾಡಿಯವರೆಗೆ ಇತ್ತು. ರೈಲಿನಲ್ಲಿ ಆ ದೃಶ್ಯವನ್ನು ಮತ್ತೆ ತೆಗೆದು ಓದಿದೆ. ಪಹಣಿ ಎಂಬ ಪದವನ್ನು ನಾನು ಹಿಂದೆಯೂ ಒಮ್ಮೆ ಇದೇ ಜಾಗದಲ್ಲಿ ಬರೆದಿದ್ದೆ, ಕೆಂಪು ಶಾಯಿಯಲ್ಲಿ, ಬೇರೊಬ್ಬರ ಕಾಗದದ ಮೇಲೆ.

ಹನ್ನೊಂದು ವರ್ಷಗಳ ಹಿಂದಿನ ಮಾತು. ವಿಭಾಗದ ಭಿತ್ತಿಪತ್ರಿಕೆಗೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮೂರು ಪುಟಗಳ ಕಥೆ ಕೊಟ್ಟಿದ್ದಳು. ತಂದೆ ಹಳ್ಳಿಯಿಂದ ಪೇಟೆಗೆ ಟಮ್‌ಟಮ್ ಓಡಿಸುತ್ತಿದ್ದರು. ಅದರಲ್ಲಿಯೇ ಅವಳು ಕಾಲೇಜಿಗೆ ಬರುತ್ತಿದ್ದಳು. ಕಥೆಯಲ್ಲಿ ತಲಾಠಿ ಕಚೇರಿಯಿತ್ತು, ದುಭಾಷಿ ಹುಡುಗಿಯಿದ್ದಳು, ಆ ಸುಳ್ಳು ಅನುವಾದವೂ ಇತ್ತು. ನಾನು ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಡೆ ಕೆಂಪು ಗೆರೆ ಎಳೆದೆ. 'ಸಾತ್‌ಬಾರಾ' ಹೋಗಿ ಪಹಣಿಯಾಯಿತು. 'ಆಯಿ' ಹೋಗಿ ಅಜ್ಜಿಯಾಯಿತು.

ಈ ಎರಡನೆಯ ತಿದ್ದುಪಡಿ ಇನ್ನೂ ಕೆಟ್ಟದ್ದು. ನಮ್ಮ ಭಾಗದ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಅವಳ ಕಥೆಯಲ್ಲಿ ಗುಮಾಸ್ತ "ಹೀ ತುಝೀ ಆಈ ಕಾ?" ಎಂದು ಕೇಳಿದಾಗ ಹುಡುಗಿ ಹೌದು, ನನ್ನ ಆಯಿ ಎಂದುಬಿಡುತ್ತಾಳೆ. ಒಂದು ವಾಕ್ಯವನ್ನು ತಪ್ಪಾಗಿ ದಾಟಿಸಿದರೆ ಏನಾಗುತ್ತದೆಂದು ಓದುಗನಿಗೆ ಮೊದಲು ತಿಳಿಯುವುದು ಆ ಸಣ್ಣ ನಗೆಯಲ್ಲಿ. ಕಥೆಯ ಬೀಗದ ಕೈ ಅಲ್ಲಿತ್ತು. ಅಜ್ಜಿ ಎಂದು ತಿದ್ದಿ ನಾನು ಅದನ್ನು ಬಾವಿಗೆ ಹಾಕಿದೆ.

"ಸರ, ನಮ್ಮೂರಾಗ ಪಹಣಿ ಅಂದ್ರ ಯಾರಿಗೂ ತಿಳಿಯಂಗಿಲ್ರಿ," ಎಂದಿದ್ದಳು ಅವಳು.

"ಕನ್ನಡ ವಿಭಾಗದ ಗೋಡೆ ಮ್ಯಾಲ ಕನ್ನಡ ಇರಬೇಕವಾ," ಎಂದಿದ್ದೆ ನಾನು.

ಅವಳು ಕಾಗದ ತೆಗೆದುಕೊಂಡು ಹೋದಳು. ತಿದ್ದಿ ತಂದುಕೊಡಲಿಲ್ಲ. ಮತ್ತೆ ಏನನ್ನೂ ಬರೆದು ಕೊಡಲಿಲ್ಲ.

ಆ ದೃಶ್ಯ ಅರಿವಿಲ್ಲದೆ ನನ್ನ ಕಾದಂಬರಿಗೆ ಬಂತು ಎಂದು ಇಲ್ಲಿ ಬರೆಯಬಹುದಿತ್ತು. ಅದು ಪೂರ್ಣ ಸತ್ಯವಲ್ಲ. ಬರೆಯುವಾಗ ಎಲ್ಲಿಯೋ ಕೇಳಿದ್ದು ಎಂಬಷ್ಟು ಅರಿವಿತ್ತು. ಎಲ್ಲಿ ಎಂದು ಹುಡುಕುವ ಮನಸ್ಸಿರಲಿಲ್ಲ. ಕೃತಿಸ್ವಾಮ್ಯ ಕಾಯಿದೆ ಬರಹದ ರೂಪವನ್ನು ಕಾಯುತ್ತದೆ, ಘಟನೆಯನ್ನಲ್ಲ. ಅದರ ಪ್ರಕಾರ ನಾನು ಬಹುಶಃ ತಪ್ಪಿತಸ್ಥನೂ ಅಲ್ಲ. ಆದರೆ ಆಯಿಯ ಹೊಲವನ್ನು ಅವಳಿಗೆ ತಿಳಿಯದಂತೆ ಬರೆಸಿಕೊಂಡವರ ಕಥೆಯನ್ನೇ ನಾನು ಆ ಹುಡುಗಿಗೆ ತಿಳಿಯದಂತೆ ನನ್ನ ಹೆಸರಿಗೆ ಬರೆಸಿಕೊಂಡಿದ್ದೆ.

ಇನ್ನೊಂದು ಮುಜುಗರವೂ ರೈಲಿನಲ್ಲಿ ನನ್ನ ಜೊತೆಗಿತ್ತು. ಉಪನ್ಯಾಸಕನಾದ ಮೇಲೆ ನಾನು ಅತಿ ಪ್ರೀತಿಯಿಂದ ಓದಿದ ಮರಾಠಿ ಪುಸ್ತಕಗಳು ಪ್ರಕಾಶ ನಾರಾಯಣ ಸಂತರ 'ವನವಾಸ' ಮತ್ತು ಅದರ ಮುಂದಿನ ಸಂಕಲನಗಳು. ಬೆಳಗಾವಿಯ ಕಡೆ ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆಯುವ ಲಂಪನ್ ಎಂಬ ಹುಡುಗ ಅಲ್ಲಿ ತನ್ನ ಕಥೆಗಳನ್ನು ತಾನೇ ಹೇಳುತ್ತಾನೆ. ಅವನ ಮರಾಠಿಯಲ್ಲಿ ಕನ್ನಡ ಅಂಜದೆ ಓಡಾಡುತ್ತದೆ. ಮರಾಠಿಗರು ಆ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತುಕೊಂಡರು. ಮರಾಠಿಯಲ್ಲಿ ಕನ್ನಡ ಬಂದಾಗ ಹಿಗ್ಗಿದ ನಾನು ಕನ್ನಡದಲ್ಲಿ ಮರಾಠಿ ಬಂದಾಗ ಕೆಂಪು ಪೆನ್ನು ಹುಡುಕಿದೆ. ಧಾರವಾಡದ ಆ ನಗೆಯನ್ನು ನಾನು ಮೂವತ್ತು ವರ್ಷ ಹೊತ್ತು ತಂದು, ನಕ್ಕವರಲ್ಲದವರ ಮೇಲೆ ಇಳಿಸಿದ್ದೆ.

ಅವಳ ದೂರವಾಣಿ ಸಂಖ್ಯೆಯನ್ನು ಹಳೆಯ ವಿದ್ಯಾರ್ಥಿಯೊಬ್ಬನಿಂದ ಪಡೆದೆ. ಕರೆ ಮಾಡಲು ನಾಲ್ಕು ದಿನ ಬೇಕಾಯಿತು. ಈಗ ಅವಳಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಡೆದದ್ದನ್ನೆಲ್ಲ ಹೇಳಿದೆ, ಏಜೆಂಟ್ ಮೆಚ್ಚಿದ್ದನ್ನೂ ನಾನು ಸುಮ್ಮನೆ ಕುಳಿತದ್ದನ್ನೂ. ಆಚೆಯಿಂದ ಬಹಳ ಹೊತ್ತು ಮಾತಿಲ್ಲ. ಕುಕ್ಕರಿನ ಸೀಟಿ ಕೇಳಿಸಿತು.

"ಆ ಕಾಗದ ಹೋತ್ರಿ ಸರ," ಎಂದಳು ಕೊನೆಗೆ. "ಮದಿವಿ ಆಗಿ ಬರೂ ಮುಂದ ತವರಮನ್ಯಾಗ ಬಿಟ್ಟ ಬಂದಿದ್ದೆ. ನಿಮ್ಮ ಪುಸ್ತಕದಾಗಿಂದ ತಗೀರಿ ಅಂತ ನಾ ಅನ್ನಂಗಿಲ್ರಿ. ಆದ್ರ ನಾನೂ ಬರೀತೀನಿ. ಅಜ್ಜಿ ಅಂತ ಬರಿಯಂಗಿಲ್ರಿ."

ಮೂರನೆಯ ಅಧ್ಯಾಯವನ್ನು ನಾನು ತೆಗೆದುಹಾಕಿದ್ದೇನೆ. ಏಜೆಂಟರಿಗೆ ಪತ್ರ ಬರೆದು, ಅದು ನನ್ನದಲ್ಲ, ಅದರ ಒಡತಿ ಬೇರೆಯಿದ್ದಾಳೆ, ಅವಳು ಬರೆಯುತ್ತಿದ್ದಾಳೆ ಎಂದು ತಿಳಿಸಿದೆ. ಬರೆದಾದ ಮೇಲೆ ಅವಳೇ ಕಳಿಸಲಿ ಎಂದು ಎರಡು ಸಾಲಿನ ಉತ್ತರ ಬಂತು. ನನ್ನ ಕಾದಂಬರಿಯ ನಡುವೆ ಈಗ ದೊಡ್ಡ ಕಂದಕವಿದೆ. ಅದಿಲ್ಲದೆ ಆ ಕೃತಿ ನಿಲ್ಲುತ್ತದೆಯೇ ಎಂಬುದು ಅನುಮಾನ. ಉಳಿದ ಅಧ್ಯಾಯಗಳನ್ನು ಕಳೆದ ತಿಂಗಳು ಕನ್ನಡ ಶಾಲೆಯೊಂದರ ಒಂಬತ್ತನೆಯ ತರಗತಿಯಲ್ಲಿ ಓದಿದೆ. ನಾಲ್ಕನೆಯ ಪುಟಕ್ಕೇ ಬೆಂಚಿನ ಕೆಳಗೆ ಕಾಲುಗಳ ಸದ್ದು ಶುರುವಾಯಿತು. ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ಬಂದಿದ್ದೇನೆ.

ವಿದ್ಯಾರ್ಥಿಗಳೇ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನೀವು ಪ್ರಮಾಣ ಕನ್ನಡವನ್ನೇ ಬರೆಯಿರಿ. ಅದನ್ನು ಕಲಿಸುವುದು ನನ್ನ ಕೆಲಸ, ಆ ಕೆಲಸವನ್ನು ನಾನು ಬಿಟ್ಟಿಲ್ಲ. ಆದರೆ ಕಥೆಯಲ್ಲಿ ನಿಮ್ಮ ಆಯಿ ಏನು ಕೇಳುತ್ತಾಳೋ ಅದನ್ನೇ ಕೇಳಲಿ. ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯ ಕಥೆಯ ಮೊದಲ ಭಾಗವಿದೆ. ಸಂಪಾದಕನಾಗಿ ನಾನು ಅದರಲ್ಲಿ ಎರಡು ಕಾಗುಣಿತಗಳನ್ನು ಮಾತ್ರ ತಿದ್ದಿದ್ದೇನೆ, ಅವಳನ್ನು ಕೇಳಿ, ಪೆನ್ಸಿಲಿನಲ್ಲಿ. ಸಾತ್‌ಬಾರಾ ಹಾಗೆಯೇ ಇದೆ. ಅದರ ಮುಂದೆ ಅರ್ಥ ಕೊಟ್ಟಿಲ್ಲ. ನಿಮ್ಮಲ್ಲಿ ಯಾರಿಗೂ ಅದು ಬೇಕಾಗುವುದಿಲ್ಲ.